ಲಿಸ್ಪ್ ಭಾಷೆಯ ಆಕರ್ಷಣೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರಕ್ಕಾಗಿ ರಚಿತವಾದ ಭಾಷೆಗಳಲ್ಲಿ ಲಿಸ್ಪಿನಷ್ಟು ವಿಲಕ್ಷಣವಾದದ್ದು ವಿರಳ. ಇತರ ಭಾಷೆಗಳಲ್ಲಿ ಆಜ್ಞೆಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಇಲ್ಲಿಯಾದರೋ ಫಲನದೊಳಗೆ ಫಲನ, ಅದರೊಳಗೆ ಮತ್ತೊಂದು. ಉದ್ಯೋಗಕ್ಕೆ ಅಷ್ಟಾಗಿ ಒದಗದ ಈ ಭಾಷೆಯನ್ನು ಕಲಿಯಲು ಹಲವರು ಇಂದಿಗೂ ಆಸೆಪಡುವುದೇಕೆ? ಚರ್ಚ್ ಪಂಡಿತನ ಲಾಂಬ್ಡಾ ಗಣಿತವೇ ಇಲ್ಲಿ ಯಂತ್ರರೂಪ ತಾಳಿದೆ, ಆ ಶುದ್ಧತೆಯೇ ಇದರ ಸೊಬಗು ಎಂಬುದು ವಾಡಿಕೆಯ ಉತ್ತರ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ.

1958ರಲ್ಲಿ ಜಾನ್ ಮೆಕಾರ್ಥಿ ಬೀಜೋಕ್ತಿಗಳ ಅವಕಲನವನ್ನು ಯಂತ್ರದಿಂದ ಮಾಡಿಸಲು ಯತ್ನಿಸಿದನು. ಮೊತ್ತದ ಅವಕಲನವೆಂದರೆ ಅದರ ಅಂಗಗಳ ಅವಕಲನಗಳ ಮೊತ್ತ. ಆದುದರಿಂದ ನಿಯಮವು ತನ್ನನ್ನೇ ತಾನು ಕರೆದುಕೊಳ್ಳಬೇಕಾಗುತ್ತದೆ. ಅಂದಿನ ಫೋರ್ಟ್ರಾನಿನಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಆ ವರ್ಷವೇ ಎಂ.ಐ.ಟಿ.ಯಲ್ಲಿ ಹೊಸ ಭಾಷೆಯ ಕೆಲಸ ಮೊದಲಾಯಿತು. ಫಲನಗಳನ್ನು ಹೆಸರಿಸದೆ ಬರೆಯುವ ಲಾಂಬ್ಡಾ ಸಂಕೇತವನ್ನು ಮೆಕಾರ್ಥಿ ಚರ್ಚ್‌ನಿಂದ ಪಡೆದದ್ದು ನಿಜ. ಆದರೆ ಆ ಗ್ರಂಥದ ಉಳಿದ ಭಾಗ ತನಗೆ ಅರ್ಥವಾಗಿರಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ.

1960ರ ಲೇಖನದಲ್ಲಿ, ತನ್ನ ಪದ್ಧತಿ ಟ್ಯೂರಿಂಗ್ ಯಂತ್ರಕ್ಕಿಂತ ಅಚ್ಚುಕಟ್ಟಾದುದೆಂದು ತೋರಿಸಲು, ಆ ಭಾಷೆಯ ಯಾವ ಉಕ್ತಿಗಾದರೂ ಬೆಲೆ ಕಟ್ಟಬಲ್ಲ 'ಇವ್ಯಾಲ್' ಎಂಬ ಫಲನವನ್ನು ಅವನು ಅದೇ ಭಾಷೆಯಲ್ಲಿ ಬರೆದನು. ಅದು ಓದುವುದಕ್ಕಾಗಿ ಬರೆದದ್ದು, ನಡೆಸುವುದಕ್ಕಲ್ಲ. ಸಹಾಯಕನಾಗಿದ್ದ ಸ್ಟೀವ್ ರಸೆಲ್ ಅದನ್ನು ಯಂತ್ರಕ್ಕೆ ಅಳವಡಿಸುವೆನೆಂದಾಗ, ನೀನು ಸಿದ್ಧಾಂತವನ್ನೂ ಪ್ರಯೋಗವನ್ನೂ ಬೆರೆಸುತ್ತಿದ್ದೀಯೆ ಎಂದು ಮೆಕಾರ್ಥಿ ಆಕ್ಷೇಪಿಸಿದನಂತೆ. ರಸೆಲ್ ಕೇಳಲಿಲ್ಲ, ಕೈಯಿಂದಲೇ ಅದನ್ನು ಐ.ಬಿ.ಎಂ. 704ರ ಯಂತ್ರಭಾಷೆಗೆ ಇಳಿಸಿದನು. ಮನುಷ್ಯರು ಬರೆಯುವುದಕ್ಕೆಂದು ಬೇರೊಂದು ಲಿಪಿ ಉದ್ದಿಷ್ಟವಾಗಿತ್ತು. ಆದರೆ ಇವ್ಯಾಲ್ ಓದುತ್ತಿದ್ದುದು ಆವರಣ ಚಿಹ್ನೆಗಳ ಪಟ್ಟಿಯನ್ನು. ಜನರು ಅದಕ್ಕೇ ಒಗ್ಗಿಹೋದರು. ಪಟ್ಟಿಯ ಮೊದಲ ಅಂಶವನ್ನೂ ಉಳಿದುದನ್ನೂ ಕೊಡುವ 'ಕಾರ್', 'ಕುಡರ್' ಎಂಬ ವಿಚಿತ್ರ ಹೆಸರುಗಳು 704ರ ಸ್ಮೃತಿಪದದ ಭಾಗಗಳಿಂದ ಬಂದವು. ಯಂತ್ರ ಮರೆಯಾಗಿ ದಶಕಗಳು ಕಳೆದರೂ ಹಳೆಯ ರಾಜ್ಯದ ಗಡಿಕಲ್ಲುಗಳಂತೆ ಅವು ನಿಂತಿವೆ.

ದೋಷವೂ ಜೊತೆಯಲ್ಲೇ ಬಂದಿತು. ಒಂದು ಫಲನವನ್ನು ಇನ್ನೊಂದಕ್ಕೆ ಒಪ್ಪಿಸಿದಾಗ, ಅದರೊಳಗಿನ ಚರಕ್ಕೆ ಫಲನ ಹುಟ್ಟಿದೆಡೆಯ ಬೆಲೆ ಸಲ್ಲಬೇಕಾದಲ್ಲಿ ಕರೆದೆಡೆಯ ಬೆಲೆ ಸಲ್ಲುತ್ತಿತ್ತು. ಮೆಕಾರ್ಥಿ ಮೊದಲು ಇದನ್ನು ಸಣ್ಣ ತಪ್ಪೆಂದು ಬಗೆದನು. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ಎಂಬವರು ಕಾರ್ಲ್ ಹ್ಯೂಯಿಟ್ಟನ 'ಆಕ್ಟರ್' ಸಿದ್ಧಾಂತವನ್ನು ಅರಿಯಲೆಂದು ಸ್ಕೀಮ್ ಎಂಬ ಪುಟ್ಟ ಲಿಸ್ಪನ್ನು ರಚಿಸಿ, ಚರಗಳಿಗೆ ಹುಟ್ಟಿದೆಡೆಯ ಬೆಲೆಯನ್ನೇ ಕೊಟ್ಟರು. ಬಳಿಕ ಪರಿಶೀಲಿಸಿದರೆ, ಆಕ್ಟರುಗಳನ್ನು ನಡೆಸುವ ಭಾಗವೂ ಫಲನಗಳನ್ನು ನಡೆಸುವ ಭಾಗವೂ ಒಂದೇ ಆಗಿದ್ದವು! ಇದು ಅವರು ಊಹಿಸಿದ್ದ ಫಲವಲ್ಲ.

ಇಲ್ಲಿಯ ಆಕರ್ಷಣೆ ಶುದ್ಧತೆಯದಲ್ಲ, ಕಲಿಯುವವನಿಗೇ ಇಡಿಯ ಭಾಷೆ ಕೈಗೆ ಸಿಗುವುದರದು ಎಂದು ನಮ್ಮ ಅಭಿಪ್ರಾಯ. ಏಬಲ್‌ಸನ್ ಮತ್ತು ಸಸ್‌ಮನ್ನರ 1985ರ ಪಠ್ಯದ ನಾಲ್ಕನೆಯ ಅಧ್ಯಾಯದಲ್ಲಿ ವಿದ್ಯಾರ್ಥಿ ಸ್ಕೀಮಿನ ಇವ್ಯಾಲನ್ನು ಸ್ಕೀಮಿನಲ್ಲೇ ಕೆಲವು ಪುಟಗಳಲ್ಲಿ ಕಟ್ಟುತ್ತಾನೆ. ಮುಂದೆ ಎಂ.ಐ.ಟಿ.ಯ ಪ್ರಾರಂಭಿಕ ತರಗತಿ ಪೈಥಾನಿಗೆ ತಿರುಗಿತು. ಅದಕ್ಕೆ ಬೇರೆ ಕಾರಣಗಳಿದ್ದವು. ಪಠ್ಯ ಈಗಲೂ ಓದುವವರಿಗೆ ಲಭ್ಯವಿದೆ. ಆ ಇವ್ಯಾಲಿನಲ್ಲಿ ಒಂದೆರಡು ಕಡೆ ತಿದ್ದಿ, ಹುಟ್ಟಿದೆಡೆಯ ಬದಲು ಕರೆದೆಡೆಯ ಬೆಲೆಯನ್ನು ಹಿಡಿಯುವಂತೆ ಮಾಡಿದರೆ, ಮೆಕಾರ್ಥಿಯ ಆ ಹಳೆಯ ತಪ್ಪು ವಿದ್ಯಾರ್ಥಿಯ ಕಣ್ಣೆದುರಿಗೇ ಮರಳಿ ಕಾಣಿಸಿಕೊಳ್ಳುತ್ತದೆ.