ಒರಗುಸೈಕಲ್ಲು ಮತ್ತು 1934ರ ತೀರ್ಪು



ಸೈಕಲ್ಲಿನ ಚಿತ್ರ ಬರೆ ಎಂದು ಯಾವ ಮಗುವಿಗೆ ಹೇಳಿದರೂ ಅದು ಬರೆಯುವುದು ಒಂದೇ ಆಕೃತಿಯನ್ನು. ಸಮಗಾತ್ರದ ಎರಡು ಚಕ್ರಗಳು, ನಡುವೆ ವಜ್ರಾಕಾರದ ಚೌಕಟ್ಟು, ಮೇಲೊಂದು ಸೀಟು, ಮುಂದೊಂದು ಹ್ಯಾಂಡಲ್. ಸೈಕಲ್ ಎಂದರೆ ಇದೇ, ಬೇರೆ ರೀತಿಯಲ್ಲಿ ಇರಲು ಸಾಧ್ಯವೇ ಇಲ್ಲ ಎಂಬಷ್ಟು ಸಹಜವಾಗಿ ಈ ಆಕೃತಿ ನಮ್ಮ ಮನಸ್ಸಿನಲ್ಲಿ ನೆಲೆಯೂರಿದೆ.

ಇತ್ತೀಚೆಗೆ ನಮ್ಮ ಹೊಸಹಳ್ಳಿ, ವಿಜಯನಗರದ ಕಡೆಯ ಕೆಲವು ಉತ್ಸಾಹಿ ಯುವಕರ ಬಾಯಲ್ಲಿ ಬೇರೊಂದು ಬಗೆಯ ಸೈಕಲ್ಲಿನ ಮಾತು ಕೇಳಿಬರುತ್ತಿದೆ. ಇಂಗ್ಲಿಷಿನಲ್ಲಿ ಅದನ್ನು ರಿಕಂಬೆಂಟ್ ಎನ್ನುತ್ತಾರೆ. ಆರಾಮಕುರ್ಚಿಯಲ್ಲಿ ಒರಗಿದಂತೆ ಬೆನ್ನು ಕೊಟ್ಟು ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ ಪೆಡಲ್ ತುಳಿಯುವ ವಾಹನವಿದು. ಒರಗುಸೈಕಲ್ಲು ಎಂದು ಕರೆಯೋಣ. ಸೀಟು ಕಾರ್ಬನ್ ಫೈಬರಿನದೋ, ಅದರ ಓರೆ ಎಷ್ಟು ಡಿಗ್ರಿ, ಮುಂದಿನ ಚಕ್ರ ಚಿಕ್ಕದಿರಬೇಕೋ ಹಿಂದಿನದಕ್ಕೆ ಸಮನಿರಬೇಕೋ ಎಂದು ಅವರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅವರ ಪಾಲಿಗೆ ಅದು ಹೊಸ ಯಂತ್ರ. ಆದರೆ ಈ ಸೈಕಲ್ಲಿಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅದು ನಮ್ಮ ಬೀದಿಗಳಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ 1934ರ ಒಂದು ತೀರ್ಪಿನಲ್ಲಿದೆ. ಆ ಕಥೆಯನ್ನು ಇಂದು ಬರೆಯುತ್ತೇನೆ.

ಮೊದಲಿಗೆ ಒಂದು ಮಾತು. ಸೈಕಲ್ಲಿನ ಆಕೃತಿ ಹುಟ್ಟಿನಿಂದಲೇ ಸ್ಥಿರವಾದದ್ದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ರೂಪಿಸಿದ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ಸವಾರ ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗುತ್ತಿದ್ದ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. 1870ರ ದಶಕದಲ್ಲಿ ವೇಗದ ಆಸೆಗೆ ಆ ಚಕ್ರವೇ ಆಳೆತ್ತರ ಬೆಳೆಯಿತು. ಮುಗ್ಗರಿಸಿದರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ಹಿಂದಿನ ಚಕ್ರಕ್ಕೆ ಸರಪಳಿ ಜೋಡಿಸಿದ ರೋವರ್ ಸೈಕಲ್ಲನ್ನು ಹೊರತಂದ ಮೇಲೆ ಇಂದಿನ ರೂಪ ನೆಲೆಗೊಂಡಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಎಪ್ಪತ್ತು ವರ್ಷಗಳಲ್ಲಿ ಇಷ್ಟೊಂದು ರೂಪಾಂತರ ಹೊಂದಿದ ಯಂತ್ರ, ಆಮೇಲಿನ ನೂರು ವರ್ಷಗಳಲ್ಲಿ ತನ್ನ ಮೂಲ ಆಕೃತಿಯನ್ನು ಬಹುಮಟ್ಟಿಗೆ ಬದಲಿಸಲೇ ಇಲ್ಲ.

ಈಗ ನಮ್ಮ ಕಥಾನಾಯಕನತ್ತ ಬರೋಣ. ಫ್ರಾನ್ಸಿನ ಶಾರ್ಲ್ ಮೊಶೆ ಚಿಕ್ಕ ಚಿಕ್ಕ ಕಾರುಗಳನ್ನು ತಯಾರಿಸುತ್ತಿದ್ದವನು. ತನ್ನ ಮಗ ಜಾರ್ಜ್‌ನಿಗೆ ಸೈಕಲ್ ಅಪಾಯಕಾರಿ ಎಂಬ ಆತಂಕ ಮನೆಯಲ್ಲಿದ್ದುದರಿಂದ ಅವನಿಗಾಗಿ ನಾಲ್ಕು ಚಕ್ರದ ಪೆಡಲ್ ಗಾಡಿಯೊಂದನ್ನು ಮಾಡಿಕೊಟ್ಟ. ಹುಡುಗ ಅದರಲ್ಲಿ ಕುಳಿತು ಸಾಮಾನ್ಯ ಸೈಕಲ್ಲುಗಳನ್ನು ಹಿಂದೆ ಹಾಕತೊಡಗಿದ! ತಂದೆ ದೊಡ್ಡವರಿಗೂ ಅಂಥದೇ ಗಾಡಿ ತಯಾರಿಸಿ 'ವೆಲೋಕಾರ್' ಎಂದು ಹೆಸರಿಟ್ಟ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ, ಕಾರು ಕೊಳ್ಳಲಾಗದ ಜನರಿಗೆ ಅದು ಹಿಡಿಸಿತು. ವೇಗವಾಗಿ ತಿರುಗುವಾಗ ನಾಲ್ಕು ಚಕ್ರದ ಗಾಡಿ ಮಗುಚುವ ಭಯವಿತ್ತು. ಆಗ ಮೊಶೆ ಅದನ್ನು ಉದ್ದಕ್ಕೆ ಸೀಳಿದಂತೆ ಎರಡು ಚಕ್ರಕ್ಕೆ ಇಳಿಸಿದ. ಅದೇ ಅವನ ಒರಗುಸೈಕಲ್ಲು.

ಅದನ್ನು ಓಡಿಸಲು ಅವನು ಆಯ್ದುಕೊಂಡದ್ದು ಫ್ರಾನ್ಸಿಸ್ ಫೋರ್ ಎಂಬ ಸವಾರನನ್ನು. ಫೋರ್ ಮೊದಲ ಸಾಲಿನ ಪಟುವಾಗಿರಲಿಲ್ಲ. ಎರಡನೆಯ ದರ್ಜೆಯವನೆಂದೇ ಎಣಿಸಲ್ಪಟ್ಟಿದ್ದ. ಅಂದಿನ ಸೈಕಲ್ ಲೋಕದ ಅತ್ಯಂತ ಗೌರವದ ದಾಖಲೆಯೆಂದರೆ ಒಂದು ಗಂಟೆಯಲ್ಲಿ ಕ್ರಮಿಸಿದ ದೂರ. ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 1914ರಲ್ಲಿ 44.247 ಕಿಲೋಮೀಟರ್ ಕ್ರಮಿಸಿದ್ದ. ಹತ್ತೊಂಬತ್ತು ವರ್ಷ ಅದನ್ನು ಯಾರೂ ಮುರಿದಿರಲಿಲ್ಲ. 1933ರ ಜುಲೈ 7ರಂದು ಪ್ಯಾರಿಸ್‌ನ ಸೈಕಲ್ ಪಥದಲ್ಲಿ ಫೋರ್ ಒರಗಿ ಕುಳಿತು ತುಳಿದು 45.055 ಕಿಲೋಮೀಟರ್ ತಲುಪಿದ. ಎರಡನೆಯ ದರ್ಜೆಯ ಸವಾರನೊಬ್ಬ ಅಂದಿನ ಅತಿ ದೊಡ್ಡ ದಾಖಲೆಯನ್ನು 808 ಮೀಟರುಗಳಿಂದ ಮೀರಿಸಿದ್ದ.

ಸಂಭ್ರಮಕ್ಕಿಂತ ಹೆಚ್ಚು ಗಲಿಬಿಲಿಯೇ ಉಂಟಾಯಿತು. ಅದೇ ಆಗಸ್ಟಿನ ಕೊನೆಯಲ್ಲಿ ಮೋರಿಸ್ ರಿಶಾರ್ ಎಂಬ ಫ್ರೆಂಚ್ ಪಟು ಸಾಮಾನ್ಯ ಸೈಕಲ್ಲಿನಲ್ಲಿ 44.777 ಕಿಲೋಮೀಟರ್ ತುಳಿದು ಎಗ್‌ನ ದಾಖಲೆಯನ್ನು ದಾಟಿದ. ಹಾಗಾದರೆ ನಿಜವಾದ ದಾಖಲೆ ಯಾರದು? ಪ್ರಶ್ನೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮುಂದೆ ಹೋಯಿತು. 1934ರ ಫೆಬ್ರವರಿಯಲ್ಲಿ ಒಕ್ಕೂಟ ರಿಶಾರನ ಪರ ನಿಂತಿತು. ಏಪ್ರಿಲ್ 1ರಿಂದ ಸ್ಪರ್ಧೆಯ ಸೈಕಲ್ಲಿಗೆ ಅಳತೆಗಳನ್ನೂ ಗೊತ್ತುಮಾಡಿತು. ಸೀಟಿನ ಮುಂತುದಿ ಪೆಡಲ್ ಅಚ್ಚಿನಿಂದ 12 ಸೆಂಟಿಮೀಟರಿಗಿಂತ ಹಿಂದೆ ಇರಕೂಡದೆಂಬುದು ಅವುಗಳಲ್ಲೊಂದು. ಈ ಒಂದು ವಾಕ್ಯ ಸಾಕಾಯಿತು; ಒರಗುಸೈಕಲ್ಲು ಸ್ಪರ್ಧೆಯ ಕಣದಿಂದ ಹೊರಬಿತ್ತು. ಶಾರ್ಲ್ ಮೊಶೆ ಅದೇ ವರ್ಷ ತೀರಿಕೊಂಡ.

ಒಕ್ಕೂಟದವರನ್ನು ಖಳರೆಂದು ಚಿತ್ರಿಸಿ ಕಥೆ ಮುಗಿಸುವುದು ಸುಲಭ. ಆದರೆ ಅವರ ವಾದದಲ್ಲೂ ಹುರುಳಿತ್ತು. ಸ್ಪರ್ಧೆ ಅಳೆಯಬೇಕಾದ್ದು ಮನುಷ್ಯನ ಸಾಮರ್ಥ್ಯವನ್ನು, ಯಂತ್ರದ ಸಾಮರ್ಥ್ಯವನ್ನಲ್ಲ ಎಂಬುದು ಅವರ ನಿಲುವು. ಒಬ್ಬ ಕುದುರೆಯ ಮೇಲೆ, ಇನ್ನೊಬ್ಬ ಎತ್ತಿನ ಮೇಲೆ ಕುಳಿತು ಓಡಿದರೆ ಗೆದ್ದವನನ್ನು ಹೇಗೆ ಹೊಗಳುವುದು? ಎದುರುವಾದವೂ ಗಟ್ಟಿಯಾದದ್ದೇ. ಮೊಶೆಯ ಸೈಕಲ್ಲಿನಲ್ಲಿ ಎಂಜಿನ್ ಇರಲಿಲ್ಲ, ಗಾಳಿಯನ್ನು ಸೀಳುವ ಹೊದಿಕೆಯೂ ಇರಲಿಲ್ಲ. ತುಳಿದದ್ದು ಮನುಷ್ಯನ ಕಾಲುಗಳೇ, ಬದಲಾದದ್ದು ಕುಳಿತ ಭಂಗಿ ಮಾತ್ರ. ಗಣಿತದ ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಕ್ರಮದಿಂದ ಸರಿಯುತ್ತರ ತಂದ ಹುಡುಗನಿಗೆ ಅಂಕ ಕೊಡಬೇಕೋ ಬೇಡವೋ ಎಂಬ ವಾದ ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಎಷ್ಟು ಸಲ ನಡೆದಿಲ್ಲ! ಅಂಕ ಕೊಡದಿರಲು ನಿಯಮದ ಆಧಾರ ಸಿಗಬಹುದು. ಆದರೆ ಆ ಕ್ರಮವೇ ತಪ್ಪು ಎಂದು ಷರಾ ಬರೆದರೆ ಅದು ಅನ್ಯಾಯ.

1934ರ ಬಳಿಕ ಆದದ್ದು ಬಹುಪಾಲು ಇದೇ. ಸ್ಪರ್ಧೆಯಲ್ಲಿ ಗೆದ್ದ ಸೈಕಲ್ಲನ್ನೇ ಜನ ಕೊಳ್ಳುತ್ತಾರೆ. ಜನ ಕೊಳ್ಳುವುದನ್ನೇ ಕಾರ್ಖಾನೆಗಳು ತಯಾರಿಸುತ್ತವೆ. ಸ್ಪರ್ಧೆಗಾಗಿ ಬರೆದ ನಿಯಮ ಕ್ರಮೇಣ ಸೈಕಲ್ಲಿನ ವ್ಯಾಖ್ಯೆಯೇ ಆಯಿತು. 1939ರಲ್ಲಿ ಜಾರ್ಜ್ ಮೊಶೆ ತಂದೆಯ ಯಂತ್ರಕ್ಕೆ ಹೊದಿಕೆ ತೊಡಿಸಿದ. ಅದೇ ಫೋರ್ ಗಂಟೆಗೆ 50 ಕಿಲೋಮೀಟರಿನ ಗಡಿ ದಾಟಿದ. ಮಾನ್ಯತೆ ಪಡೆದ ದಾಖಲೆಯಲ್ಲಿ ಆ ಗಡಿಯನ್ನು ಇಟಲಿಯ ಫ್ರಾಂಚೆಸ್ಕೊ ಮೊಸೆರ್ ದಾಟಿದ್ದು 1984ರಲ್ಲಿ. ಮಹಾನ್ ಪಟು ಎಡ್ಡಿ ಮರ್ಕ್ಸ್ 1972ರಲ್ಲಿ ತಲುಪಿದ್ದು 49.431 ಕಿಲೋಮೀಟರ್.

ನಿಯಮಗಳು ಬದಲಾಗಬಲ್ಲವು ಎಂಬುದಕ್ಕೂ ಅದೇ ಫ್ರಾನ್ಸಿನಲ್ಲಿ ಸಾಕ್ಷಿಯಿದೆ. 1893ರಲ್ಲಿ ಗಂಟೆಯ ಮೊದಲ ಅಧಿಕೃತ ದಾಖಲೆ ಬರೆದ ಆನ್ರಿ ದೆಗ್ರಾಂಜ್ ಮುಂದೆ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಸಂಸ್ಥಾಪಕನಾದ. ಗೇರ್ ಬದಲಿಸುವ ಸಾಧನವನ್ನು ಅವನು ಬಹುಕಾಲ ವಿರೋಧಿಸಿದ. ಅದು ಸವಾರನ ಪೌರುಷವನ್ನು ಕುಗ್ಗಿಸುತ್ತದೆಂಬುದು ಅವನ ನಂಬಿಕೆ. ಆತ ಹಿಂದೆ ಸರಿದ ಮೇಲೆ, 1937ರಲ್ಲಿ, ಆ ಸಾಧನಕ್ಕೆ ಅನುಮತಿ ದೊರೆಯಿತು. ಇಂದು ನಮ್ಮ ಮಕ್ಕಳ ಸೈಕಲ್ಲಿಗೂ ಗೇರುಗಳಿವೆ. ಆ ಭಾಗ್ಯ ಒರಗುಸೈಕಲ್ಲಿಗೆ ಒದಗಲಿಲ್ಲ.

ಅದು ಮತ್ತೆ ತಲೆಯೆತ್ತಿದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಚೆಸ್ಟರ್ ಕೈಲ್ ಮತ್ತು ಸಂಗಡಿಗರು 1976ರಲ್ಲಿ ಮಾನವಶಕ್ತಿಚಾಲಿತ ವಾಹನಗಳ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು. ತುಳಿಯುವುದು ಮನುಷ್ಯನಾದರೆ ಸಾಕು, ಆಕೃತಿಗೆ ಕಟ್ಟುಪಾಡಿಲ್ಲ ಎಂಬುದು ಅವರ ತತ್ತ್ವ. 1986ರಲ್ಲಿ ಫ್ರೆಡ್ ಮಾರ್ಕಮ್ 'ಗೋಲ್ಡ್ ರಷ್' ಎಂಬ ಹೊದಿಕೆಯ ಒರಗುಸೈಕಲ್ಲಿನಲ್ಲಿ ಗಂಟೆಗೆ ಸುಮಾರು 105 ಕಿಲೋಮೀಟರ್ ವೇಗ ಮುಟ್ಟಿದ. 2016ರಲ್ಲಿ ಕೆನಡಾದ ಟಾಡ್ ರೈಕರ್ಟ್ ನೆವಾಡದ ಸಮತಟ್ಟಾದ ರಸ್ತೆಯಲ್ಲಿ 144.17 ಕಿಲೋಮೀಟರ್ ವೇಗ ದಾಖಲಿಸಿದ.

ಇದರ ಗುಟ್ಟು ನಿಮಗೆ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಸಿಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ಮುಟ್ಟಿದರೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ವೆಚ್ಚವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಸಾಮರ್ಥ್ಯ ಎಂಟು ಪಟ್ಟು. ಒರಗಿ ಕುಳಿತವನು ಗಾಳಿಗೆ ಒಡ್ಡುವ ಎದೆಯ ವಿಸ್ತಾರ ಕಡಿಮೆ. ಅವನ ಲಾಭವೆಲ್ಲ ಅಲ್ಲಿದೆ. ಬೆನ್ನು, ಮಣಿಕಟ್ಟು, ಕುತ್ತಿಗೆಗಳ ನೋವು ತಗ್ಗುವುದು ಇನ್ನೊಂದು ಅನುಕೂಲ.

ದೋಷಗಳೂ ಇವೆ. ಪೆಡಲ್ ಮುಂದಿದ್ದು ತಿರುಗಬೇಕಾದ ಚಕ್ರ ಹಿಂದಿರುವ ಮಾದರಿಗಳಲ್ಲಿ ಸರಪಳಿ ಸಾಮಾನ್ಯ ಸೈಕಲ್ಲಿನದರ ಎರಡು ಪಟ್ಟಿಗಿಂತಲೂ ಉದ್ದವಾಗುತ್ತದೆ. ಅದು ಜೋಲದಂತೆ ದಾರಿ ತೋರಲು ನಡುವೆ ರಾಟೆ ಬೇಕು. ರಾಟೆಯಲ್ಲಿ ಸ್ವಲ್ಪ ಶಕ್ತಿ ಸೋರುತ್ತದೆ. ತೂಕವೂ ಸಾಮಾನ್ಯವಾಗಿ ಹೆಚ್ಚು. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ಮೈಭಾರ ಹಾಕಿ ತುಳಿಯುವ ಅವಕಾಶವಿಲ್ಲ. ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಯ ಲಾಭವೂ ಸಿಗದು. ನಂದಿಬೆಟ್ಟದ ದಾರಿಯಲ್ಲಿ ಅದು ಬೆವರಿಳಿಸುತ್ತದೆ. ಇನ್ನು ಮಾಗಡಿ ರಸ್ತೆಯ ವಾಹನಸಂದಣಿಯಲ್ಲಿ ಬಸ್ಸು ಲಾರಿಗಳ ಚಾಲಕರಿಗೆ ಅಷ್ಟು ತಗ್ಗಿನಲ್ಲಿ ಕುಳಿತವನು ಕಾಣುವುದೇ ಕಷ್ಟ. ಎತ್ತರಕ್ಕೊಂದು ಬಾವುಟ ಕಟ್ಟುವುದು ಅದಕ್ಕಾಗಿಯೇ. ಆದ್ದರಿಂದ ಅದು ನಮ್ಮ ಬೀದಿಗೆ ಬಾರದಿರಲು 1934ರ ತೀರ್ಪೊಂದೇ ಕಾರಣವೆನ್ನಲಾಗದು.

ಹಾಗಾದರೆ ಒರಗುಸೈಕಲ್ಲಿಗೆ ಇಂದು ಎಲ್ಲಿ ಸ್ಥಾನವಿದೆ? ಬೆಂಗಳೂರಿನ ದೂರಸವಾರರು ನಡೆಸುವ 'ಬ್ರೆವೆ' ಎಂಬ ಸವಾರಿಗಳ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ. ಗಡುವಿನೊಳಗೆ ಮುಟ್ಟಿದವರೆಲ್ಲ ಸಮಾನರು, ಮೊದಲನೆಯವ ಕೊನೆಯವ ಎಂಬ ಭೇದವಿಲ್ಲ. ಇಂಥ ಸವಾರಿಗಳ ಶಿಖರವೆಂದರೆ 1891ರಲ್ಲಿ ಆರಂಭವಾದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಸುಮಾರು 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ನಮ್ಮ ಬೆಂಗಳೂರಿನವರೂ ಅದನ್ನು ತುಳಿದು ಬಂದಿದ್ದಾರೆ. ಅಲ್ಲಿ ಒರಗುಸೈಕಲ್ಲಿಗೆ ಧಾರಾಳ ಪ್ರವೇಶವಿದೆ. ಫೋರ್ ದಾಖಲೆ ಬರೆದ ಅದೇ ಪ್ಯಾರಿಸ್ ಸೀಮೆಯಿಂದ ಒರಗುಸೈಕಲ್ಲುಗಳು ಇಂದು ಹೆಮ್ಮೆಯಿಂದ ಹೊರಡುತ್ತವೆ. ಸ್ಥಾನಮಾನದ ಪೈಪೋಟಿ ಇಲ್ಲದ ಕಡೆ ಆಕೃತಿಯ ಜಗಳವೂ ಇಲ್ಲ.

ಚಿಕ್ಕಂದಿನಲ್ಲಿ ನಾವೆಲ್ಲ ಬಾಡಿಗೆ ಅಂಗಡಿಯಿಂದ ದೊಡ್ಡವರ ಸೈಕಲ್ ತಂದು, ಸೀಟು ಎಟುಕದೆ, ಬಾರಿನ ಕೆಳಗಿಂದ ಕಾಲು ತೂರಿಸಿ ಓರೆಯಾಗಿ ತುಳಿದವರೇ. ಆ ಭಂಗಿಯನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಯಾವ ಒಕ್ಕೂಟವೂ ಒಪ್ಪುತ್ತಿರಲಿಲ್ಲ. ಆದರೂ ಸೈಕಲ್ ಮುಂದೆ ಹೋಯಿತು. ನಿಮ್ಮಲ್ಲಿ ಹಲವರು ಇಂದು ಪೀಣ್ಯದ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ, ಶಾಲೆಗಳಲ್ಲಿ ನಿಯಮ ಬರೆಯುವ ಹುದ್ದೆಗಳಲ್ಲಿದ್ದೀರಿ. ನಿಯಮ ಬೇಕು, ಅದಿಲ್ಲದೆ ಸ್ಪರ್ಧೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಆದರೆ ಎದುರಿಗೊಬ್ಬ ಫೋರ್ ಬಂದು ನಿಂತಾಗ, ಅವನಿಗೆ ಬೇರೆ ಪಟ್ಟಿ ತೆರೆಯಬೇಕೋ ಬಾಗಿಲನ್ನೇ ಮುಚ್ಚಬೇಕೋ ಎಂದು ಒಂದು ಕ್ಷಣ ಯೋಚಿಸಿ. ನಿಮ್ಮಲ್ಲಿ ಯಾರಾದರೂ ಒರಗುಸೈಕಲ್ಲನ್ನು ತುಳಿದಿದ್ದರೆ ಅನುಭವ ಬರೆದು ಕಳುಹಿಸಿ, ಓದಲು ಕಾದಿರುತ್ತೇನೆ.

ಎಲ್ಲರಿಗೂ ಶುಭವಾಗಲಿ.