ಮರಣದ ವರ್ಣಚಕ್ರ

ಕ್ರಿಮಿಯಾ ಯುದ್ಧದಲ್ಲಿ ಆಂಗ್ಲ ಸೈನಿಕರನ್ನು ಸಂಹರಿಸಿದುದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಜ್ವರಗಳೆಂಬ ಸತ್ಯವು ಸರ್ಕಾರದ ಕೋಷ್ಟಕಗಳಲ್ಲಿ ಹುದುಗಿಯೇ ಇದ್ದಿತು. ಸ್ಕುಟಾರಿಯ ಆಸ್ಪತ್ರೆಯಲ್ಲಿ ಆ ಸಾವುಗಳನ್ನು ಕಣ್ಣಾರೆ ಕಂಡಿದ್ದ ಫ್ಲಾರೆನ್ಸ್ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞನಾದ ವಿಲಿಯಂ ಫಾರನ ನೆರವಿನಿಂದ, 1858ರಲ್ಲಿ ಆ ಅಂಕಿಗಳಿಗೆ ಆಕಾರವನ್ನೂ ಬಣ್ಣವನ್ನೂ ಕೊಟ್ಟಳು. ವೃತ್ತವನ್ನು ಸಮಕೋನದ ಹನ್ನೆರಡು ಖಂಡಗಳಾಗಿ ವಿಭಾಗಿಸಿ, ಒಂದೊಂದನ್ನು ಒಂದೊಂದು ಮಾಸಕ್ಕೆ ಮೀಸಲಿರಿಸಿ, ಕೇಂದ್ರದಿಂದ ಅಳೆದ ಕ್ಷೇತ್ರಫಲವೇ ಮರಣಪ್ರಮಾಣವನ್ನು ಸೂಚಿಸುವಂತೆ ಅಣಿಗೊಳಿಸಿ, ನಿವಾರಿಸಬಹುದಾಗಿದ್ದ ವ್ಯಾಧಿಗಳಿಗೆ ನೀಲಿಯನ್ನೂ, ಗಾಯಗಳಿಗೆ ಕೆಂಪನ್ನೂ, ಇತರ ಕಾರಣಗಳಿಗೆ ಕಪ್ಪನ್ನೂ ಆಕೆ ನಿಯಮಿಸಿದಳು. 1855ರ ಜನವರಿಯ ನೀಲಿಯು ಚಿತ್ರದಲ್ಲೆಲ್ಲ ಹಿರಿದಾಗಿ ಚಾಚಿಕೊಂಡಿದೆ. ಅದರ ಮುಂದೆ ಕೆಂಪು ಅತ್ಯಲ್ಪ. ಅದೇ ವರ್ಷದ ಮಾರ್ಚಿಯಲ್ಲಿ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ತೊಳೆಸಿ, ಗಾಳಿಯಾಡಲು ಆಸ್ಪದವಿತ್ತ ಬಳಿಕ, ಮರುವರ್ಷದ ಚಕ್ರವು ಕುಗ್ಗುತ್ತ ಹೋಗುವುದನ್ನು ಬಾಲಕನೂ ಗ್ರಹಿಸಬಲ್ಲನು. ಇದಕ್ಕಿಂತ ಕರುಣಾಪೂರ್ಣವಾದ ಗಣಿತವನ್ನು ನಾನು ಕಂಡಿಲ್ಲ.

ನಮಗೂ ಆಕೆಯ ಋಣವುಂಟು. ಭಾರತದ ಸೇನಾಠಾಣೆಗಳ ಆರೋಗ್ಯವನ್ನು ಕುರಿತು ಆಕೆ 1863ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ, ಕುಡಿಯುವ ನೀರನ್ನೊದಗಿಸುತ್ತಿದ್ದ ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆಯು ಹರಿದು ಸೇರುತ್ತಿದ್ದ ಸಂಗತಿಯೂ ದಾಖಲಾಗಿದೆ. ಅಲ್ಲಿಯೂ ಆಕೆ ಬರಿಯ ಮಾತನ್ನು ನೆಚ್ಚದೆ, ನೀರು ಹೊರುವವರ, ಚರಂಡಿಗಳ ಚಿತ್ರಗಳನ್ನು ಪುಟಗಳ ನಡುವೆ ಅಚ್ಚುಹಾಕಿಸಿದಳು.