ಐದು ಪೌಂಡಿನ ಚಾಕರಿ

ಸಂಚಿಕೆಗೆ ಏನಾದರೂ ಬರೆದು ಕೊಡಿರೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ, ನಾವು ಸಾಹಿತಿಗಳಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಎಂದು ಹೇಳಿ ಜಾರಿಕೊಳ್ಳಲು ನೋಡಿದೆವು. “ಹಾಗಾದರೆ ಗುಮಾಸ್ತರ ಚರಿತ್ರೆಯನ್ನೇ ಬರೆಯಿರಲ್ಲ!” ಎಂದುಬಿಟ್ಟರು. ಆ ಮಾತು ಮನಸ್ಸಿನಲ್ಲಿ ನಿಂತಿತು. ದಿನವೂ ತಾಂಬರಂ ಕಡೆಯಿಂದ ಲೋಕಲ್ ರೈಲಿನಲ್ಲಿ ಬರುವಾಗ ಬೀಚ್ ನಿಲ್ದಾಣಕ್ಕೆ ಮುಂಚೆ ಕೋಟೆ ನಿಲ್ದಾಣ ಬರುತ್ತದೆ. ಅದರ ಸಮೀಪದಲ್ಲಿರುವ ಸೇಂಟ್ ಜಾರ್ಜ್ ಕೋಟೆಯಲ್ಲಿ ಮುನ್ನೂರು ವರುಷಗಳಿಗೂ ಹಿಂದೆ ಕುಳಿತು ಲೆಕ್ಕ ಬರೆದವರು ಒಂದು ರೀತಿಯಲ್ಲಿ ನಮ್ಮ ಪೂರ್ವಿಕರೇ ಸರಿ.

ಈಸ್ಟ್ ಇಂಡಿಯಾ ಕಂಪೆನಿಗೆ ಇಂಗ್ಲೆಂಡಿನ ರಾಣಿಯ ಸನ್ನದು ದೊರೆತದ್ದು 1600ರ ಡಿಸೆಂಬರ್ 31ರಂದು. ಮದರಾಸಿನ ಮರಳು ದಂಡೆ ಅದರ ಕೈಗೆ ಬಂದುದು 1639ರಲ್ಲಿ. ಪಾಲುದಾರರ ಹಣದಿಂದ ನಡೆಯುವ ಈ ಕಂಪೆನಿಯ ಚಾಕರಿಯಲ್ಲಿ ಮೊದಲ ಮೆಟ್ಟಿಲು ‘ರೈಟರ್’ ಎಂಬ ಹುದ್ದೆ. ಈ ಮಾತು ನಮಗೆ ಹೊಸದಲ್ಲ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವಾತನನ್ನು ಇಂದಿಗೂ ‘ರೈಟರು’ ಎಂದೇ ಕರೆಯುತ್ತಾರೆ. ಕಂಪೆನಿಯ ರೈಟರು ಹದಿನೆಂಟರ ಆಸುಪಾಸಿನ ಹುಡುಗ. ಪತ್ರಗಳ ನಕಲು ಮಾಡುವುದು, ಸರಕಿನ ಪಟ್ಟಿ ಬರೆಯುವುದು, ಲೆಕ್ಕದ ಪುಸ್ತಕ ತುಂಬುವುದು ಅವನ ಕೆಲಸ. ಸಂಬಳ ವರ್ಷಕ್ಕೆ 5 ಪೌಂಡು. ಐದು ವರುಷ ಹೀಗೆ ದುಡಿದ ಮೇಲೆ ‘ಫ್ಯಾಕ್ಟರ್’ ಎಂಬ ದರ್ಜೆ, 15 ಪೌಂಡು. ಅಲ್ಲಿಂದ ಮುಂದೆ ಕಿರಿಯ ವರ್ತಕ, ಹಿರಿಯ ವರ್ತಕ.

ಐದು ಪೌಂಡಿನಲ್ಲಿ ಬದುಕಲು ಸಾಧ್ಯವಿಲ್ಲವೆಂಬುದು ಲಂಡನ್ನಿನ ಯಜಮಾನರಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನೊಡನೆ ನಡೆಯುವ ವ್ಯಾಪಾರವನ್ನು ಅವರು ತಮಗೇ ಇಟ್ಟುಕೊಂಡು, ಏಷ್ಯದ ರೇವುಗಳ ನಡುವಣ ವ್ಯಾಪಾರವನ್ನು ನೌಕರರು ಸ್ವಂತಕ್ಕೆ ಮಾಡಿಕೊಳ್ಳಲು ಬಿಟ್ಟಿದ್ದರು. ಹುಡುಗನ ಕೈಯಲ್ಲಿ ಬಂಡವಾಳವಿಲ್ಲ. ಆದುದರಿಂದ ಊರಿನ ದುಬಾಷಿಯಿಂದ ಸಾಲ. ಸಾಲ ತೀರಿಸಲು ವ್ಯಾಪಾರ, ವ್ಯಾಪಾರಕ್ಕೆ ಕಂಪೆನಿಯ ಹೆಸರಿನ ಬಲ. ಮೇಲಿನವರು ಆರು ತಿಂಗಳ ಹಡಗಿನ ದಾರಿಯಾಚೆ ಇದ್ದರು. ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ವರ್ಷ ಕಳೆದುಹೋಗುತ್ತಿತ್ತು. ಸಂಬಳ ಅತ್ಯಲ್ಪ, ಅವಕಾಶ ಅಪಾರ, ನೋಡುವವರು ದೂರ: ಈ ಮೂರು ಒಂದೆಡೆ ಕೂಡಿದರೆ ಏನಾಗುವುದೆಂದು ಬ್ಯಾಂಕಿನಲ್ಲಿ ಒಂದು ವರುಷ ಕೆಲಸ ಮಾಡಿದ ಯಾರಾದರೂ ಹೇಳಬಲ್ಲರು.

ಇದೇ ಕೋಟೆಗೆ 1672ರಲ್ಲಿ ರೈಟರಾಗಿ ಬಂದವನು ಎಲಿಹು ಯೇಲ್. 1687ರಲ್ಲಿ ಗವರ್ನರನಾದನು, ಸ್ವಂತ ವ್ಯಾಪಾರ ಮತ್ತು ಅಧಿಕಾರ ದುರುಪಯೋಗದ ಆಪಾದನೆಗಳು ಬಂದು 1692ರಲ್ಲಿ ಆ ಪದವಿಯನ್ನು ಕಳೆದುಕೊಂಡನು. ಆದರೂ ಊರಿಗೆ ಮರಳಿದುದು ಭಾರಿ ಶ್ರೀಮಂತನಾಗಿಯೇ. ಅವನು ಅಮೆರಿಕದ ಒಂದು ಕಾಲೇಜಿಗೆ ಕಳುಹಿಸಿದ ಸರಕಿನ ಮೂಟೆಗಳನ್ನು ಮಾರಿ ಬಂದ ಹಣಕ್ಕಾಗಿ 1718ರಲ್ಲಿ ಆ ಕಾಲೇಜು ಅವನ ಹೆಸರನ್ನಿಟ್ಟುಕೊಂಡಿತು. ಅದೇ ಇಂದಿನ ಯೇಲ್ ವಿಶ್ವವಿದ್ಯಾಲಯ.

1744ರಲ್ಲಿ ಬಂದವನು ರಾಬರ್ಟ್ ಕ್ಲೈವ್, ವಯಸ್ಸು ಹದಿನೆಂಟು. ಊರಿನ ನೆನಪು, ಒಂಟಿತನ, ಸಾಲ, ನಕಲು ಬರೆಯುವ ಬೇಸರ. ಎರಡು ಬಾರಿ ಪಿಸ್ತೂಲನ್ನು ತಲೆಗೆ ಹಿಡಿದುಕೊಂಡನೆಂದೂ ಎರಡು ಬಾರಿಯೂ ಅದು ಹಾರಲಿಲ್ಲವೆಂದೂ ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಮತ್ತೊಂದು ಕಥೆಯೂ ಉಂಟು. ಮೇಲಧಿಕಾರಿಯಾದ ಸೆಕ್ರೆಟರಿಯೊಡನೆ ಜಗಳವಾಡಿದಾಗ, ಕ್ಷಮೆ ಕೇಳೆಂದು ಗವರ್ನರನ ಅಪ್ಪಣೆಯಾಯಿತು, ಕೇಳಿದನು. ಸೆಕ್ರೆಟರಿಯು ಮನಸ್ಸು ತಿಳಿಮಾಡಿಕೊಳ್ಳಲೆಂದು ಊಟಕ್ಕೆ ಕರೆದರೆ, ನಿಮ್ಮೊಡನೆ ಉಣ್ಣಬೇಕೆಂದು ಗವರ್ನರರು ಅಪ್ಪಣೆ ಮಾಡಿಲ್ಲವೆಂದು ಹೇಳಿ ಹೊರಟುಹೋದನಂತೆ! ನಮ್ಮಲ್ಲಿ ಎಷ್ಟು ಮಂದಿ ಈ ಮಾತನ್ನು ನಾಲಿಗೆಯ ತುದಿಯವರೆಗೆ ತಂದು ನುಂಗಿಕೊಂಡಿಲ್ಲ!

ಹುಡುಗ ಕ್ಲೈವನ ಬಗೆಗೆ ಮರುಕವೆನಿಸಿದರೂ ಮುಂದಿನ ಕ್ಲೈವನನ್ನು ಮನ್ನಿಸಲಾಗದು. 1757ರ ಪ್ಲಾಸಿಯ ತರುವಾಯ ಬಂಗಾಳದಲ್ಲಿ ಕಾಣಿಕೆಗಳ ಹೆಸರಿನಲ್ಲಿ ಅವನೂ ಅವನ ಜೊತೆಯವರೂ ಬಾಚಿಕೊಂಡುದಕ್ಕೆ ಮಿತಿಯಿಲ್ಲ. ಕಂಪೆನಿಯ ಸರಕಿಗಿದ್ದ ಸುಂಕದ ವಿನಾಯಿತಿಯನ್ನು ನೌಕರರು ತಮ್ಮ ಸ್ವಂತ ವ್ಯಾಪಾರಕ್ಕೂ ಬಳಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. 1765ರಲ್ಲಿ ಮತ್ತೆ ಗವರ್ನರನಾಗಿ ಬಂದ ಕ್ಲೈವನೇ, ಕಾಣಿಕೆ ತೆಗೆದುಕೊಳ್ಳುವುದಿಲ್ಲವೆಂಬ ಕರಾರಿಗೆ ನೌಕರರಿಂದ ರುಜು ಮಾಡಿಸಿದನು. ಉಪ್ಪಿನ ವ್ಯಾಪಾರದ ಲಾಭವನ್ನು ಮೇಲ್ದರ್ಜೆಯವರಿಗೆ ಹಂಚುವ ಏರ್ಪಾಡೂ ಆಯಿತು. ರೈಟರಿಗೆ ನಿಷೇಧ ಮಾತ್ರ ದಕ್ಕಿತು, ಪಾಲು ದಕ್ಕಲಿಲ್ಲ.

ಈ ಆಡಳಿತದ ಬೆಲೆಯನ್ನು ತೆತ್ತವರು ಮೊದಲು ಬಂಗಾಳದ ರೈತರು. 1770ರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ಬಳಿಕವೂ ಪಾಲುದಾರರಿಗೆ ನೂರಕ್ಕೆ ಹನ್ನೆರಡೂವರೆಯ ಲಾಭಾಂಶ ಹಂಚಲಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! 1772ರಲ್ಲಿ ಕಂಪೆನಿಯ ಖಜಾನೆಯೇ ಬರಿದಾಗಿ, ಮರುವರ್ಷ ಇಂಗ್ಲೆಂಡಿನ ಸರಕಾರದಿಂದ 14 ಲಕ್ಷ ಪೌಂಡು ಸಾಲ ಪಡೆಯಬೇಕಾಯಿತು. ಸಾಲದ ಜೊತೆಗೆ 1773ರ ರೆಗ್ಯುಲೇಟಿಂಗ್ ಕಾಯಿದೆಯ ಮೂಗುದಾರವೂ ಬಂತು. ವಾಣಿಜ್ಯಶಾಸ್ತ್ರ ಓದಿದ ನಮಗೆ ಇಲ್ಲಿ ಒಂದು ಪಾಠ ಕಾಣುತ್ತದೆ. ಕೆಳಗಿನವನ ಸಂಬಳದಲ್ಲಿ ಮಾಡಿದ ಉಳಿತಾಯವು ಉಳಿತಾಯವಲ್ಲ; ಅದು ಪುಸ್ತಕದಲ್ಲಿ ಬರೆಯದೆ ಬಿಟ್ಟ ಖರ್ಚು. ಒಂದಲ್ಲ ಒಂದು ದಿನ ಬಡ್ಡಿಯೊಡನೆ ಖಾತೆಗೆ ಬಂದೇ ಬರುತ್ತದೆ.

ಕಾರ್ನ್‌ವಾಲಿಸನು 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಮೇಲೆ ಈ ಪಾಠವನ್ನು ಅರ್ಧ ಕಲಿತರು. ಜಿಲ್ಲೆಯ ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ಸಂಬಳ, ಕಂದಾಯ ವಸೂಲಿಯ ಮೇಲೆ ನೂರಕ್ಕೆ ಒಂದರ ಕಮಿಷನ್ ಗೊತ್ತಾಯಿತು. ಅವನಿಗೆ ಸ್ವಂತ ವ್ಯಾಪಾರ ನಿಷೇಧವಾಯಿತು. ಆದರೆ ಅದೇ ಉಸಿರಿನಲ್ಲಿ ದೊಡ್ಡ ಹುದ್ದೆಗಳ ಬಾಗಿಲು ಭಾರತೀಯರಿಗೆ ಮುಚ್ಚಿತು. ಲೆಕ್ಕ ಬರೆದ ಕಣಕ್ಕಪಿಳ್ಳೆ, ಮಾತು ತಿಳಿಸಿದ ದುಬಾಷಿ, ಭಾಷೆ ಕಲಿಸಿದ ಮುನ್ಷಿ, ಇವರು ಎಷ್ಟು ಪ್ರಾಮಾಣಿಕರಾದರೂ ಮೇಲಿನ ಮೆಟ್ಟಿಲು ಅವರದಲ್ಲ. ಕಂಪೆನಿಯ ರೈಟರು ಕಷ್ಟಪಟ್ಟನೆಂದು ಬರೆಯುವಾಗ, ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದ ಇವರನ್ನು ಮರೆಯಲಾಗದು. ನಾವು ನಿಜವಾಗಿ ಇವರ ವಂಶದವರು.

ಇನ್ನು ಮೂರನೆಯವನ ಮಾತು. 1796ರಲ್ಲಿ ಮದರಾಸಿಗೆ ರೈಟರಾಗಿ ಬಂದವನು ಫ್ರಾನ್ಸಿಸ್ ವೈಟ್ ಎಲ್ಲಿಸ್. ಹೊಸದಾಗಿ ಬಂದ ಹುಡುಗರಿಗೆ ನೆಲದ ಭಾಷೆ ಕಲಿಸದೆ ಆಡಳಿತ ನಡೆಯದೆಂದು ಮನಗಂಡು 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪನೆಯಾದಾಗ ಅದರ ಮುಂದಾಳು ಇವನೇ. ಕನ್ನಡ ಜಿಲ್ಲೆ ಹೊರಗಾಗುವಂತಿರಲಿಲ್ಲ. 1799ರಲ್ಲಿ ಕೆನರಾ, 1800ರಲ್ಲಿ ಬಳ್ಳಾರಿ ಕಂಪೆನಿಯ ವಶವಾಗಿದ್ದುವು. ತಮಿಳು ತೆಲುಗುಗಳೊಡನೆ ಕನ್ನಡವೂ ಅಲ್ಲಿ ಪಾಠವಾಯಿತು. 1816ರಲ್ಲಿ ಎಲ್ಲಿಸನು ಕನ್ನಡ, ತಮಿಳು, ತೆಲುಗು, ಮಲೆಯಾಳ, ತುಳು, ಕೊಡಗು ಭಾಷೆಗಳು ಒಂದೇ ಬುಡದ ಕೊಂಬೆಗಳೆಂದು ತೋರಿಸಿಕೊಟ್ಟನು; ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬಂದುದು ಅದಕ್ಕೆ ನಲವತ್ತು ವರುಷಗಳ ಮೇಲೆ, 1856ರಲ್ಲಿ. 1820ರಲ್ಲಿ ಮದರಾಸಿನ ಕಂಪೆನಿ ನೌಕರನೇ ಆದ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಇಲ್ಲಿಯೇ ಅಚ್ಚಾಯಿತು. ಇಂಗ್ಲಿಷಿನಲ್ಲಿ ಬಂದ ಮೊದಲ ಕನ್ನಡ ವ್ಯಾಕರಣಗಳಲ್ಲಿ ಅದೂ ಒಂದು.

ಕಂಪೆನಿಯು ಇದನ್ನು ಕನ್ನಡದ ಮೇಲಿನ ಪ್ರೀತಿಯಿಂದ ಮಾಡಲಿಲ್ಲ, ಕಂದಾಯ ವಸೂಲಿಗಾಗಿ ಮಾಡಿತು. ಅದು ನಿಜ. ಆದರೂ ಒಂದು ಮಾತು ಯೋಚಿಸಬೇಕಾದುದು. ಯೇಲ್, ಕ್ಲೈವ್, ಎಲ್ಲಿಸ್ ಮೂವರೂ ಒಂದೇ ಊರಿಗೆ, ಒಂದೇ ಹುದ್ದೆಗೆ ಬಂದ ಹುಡುಗರು. ಮನುಷ್ಯರ ಗುಣಭೇದ ಇದ್ದೇ ಇದೆ. ಆದರೆ ಮೊದಲಿಬ್ಬರ ಕೈಗೆ ಕಂಪೆನಿ ಕೊಟ್ಟುದು ಅತ್ಯಲ್ಪ ಸಂಬಳ ಮತ್ತು ಒಂದು ಕಣ್ಸನ್ನೆ. ಮೂರನೆಯವನ ಕಾಲಕ್ಕೆ ನ್ಯಾಯವಾದ ಸಂಬಳ ಮತ್ತು ಕಲಿಯಲು ಪುರುಸೊತ್ತು.

ನಾವು ಮೊದಲು ಕೆಲಸಕ್ಕೆ ಸೇರಿದ ಶಾಖೆಯಲ್ಲಿ “ನೋಡಿ ಕಲಿಯಿರಿ” ಎಂದವರೇ ಎಲ್ಲರೂ, ಕಲಿಸಿದವರು ಯಾರೂ ಇಲ್ಲ. ನಗದಿನಲ್ಲಿ ಕಡಿಮೆ ಬಿದ್ದ ದಿನ ಜೇಬಿನಿಂದ ತುಂಬಿದೆವು. ಮೆಮೊ ಮಾತ್ರ ಮರುದಿನವೇ ತಪ್ಪದೆ ಬಂತು. ಈಗ ನಮ್ಮ ಪಕ್ಕದ ಕುರ್ಚಿಗೆ ಊರಿನಿಂದ ಹೊಸ ಹುಡುಗರು ಬರುತ್ತಿದ್ದಾರೆ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಇಂದು ಮೇಲಧಿಕಾರಿಗಳೂ ಆಗಿದ್ದಾರೆ. ಅವರಿಗೆ ನಮ್ಮ ಅರಿಕೆ ಇಷ್ಟೆ: ಬಂದ ಹುಡುಗನನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಹೇಳಿಕೊಡಿರಿ.

ನುಂಗಂಬಾಕ್ಕಮಿನ ಕಾಲೇಜು ರಸ್ತೆಗೆ ಆ ಹೆಸರು ಬಂದುದು ಈ ಹಳೆಯ ಕಾಲೇಜಿನಿಂದಲೇ. ಆ ದಾರಿಯಲ್ಲಿ ಹೋಗುವ ಕನ್ನಡಿಗರು ಒಮ್ಮೆ ನಿಂತು, ಅಲ್ಲಿ ಕನ್ನಡ ಕಲಿಸಿದ ಹೆಸರಿಲ್ಲದ ಮುನ್ಷಿಗಳನ್ನು ನೆನೆಯಲಿ. ರಾಜ್ಯೋತ್ಸವದ ದಿನ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.